ಪದಚರ್ಚೆ: ಹೊಡೆತ ತಾಳದೆ ಮನೆ ಬಿಟ್ಟವಳಿಗೆ ‘ಓಡಿಹೋದವಳು’ ಅನ್ನಬಹುದೆ?

ಬಲ್ಲವರಲ್ಲಿ ಒಂದು ಕೇಳಿಕೆ. ಅಫ್ಗಾನಿಸ್ತಾನದ ಹೆಣ್ಣುಮಕ್ಕಳ ಮೇಲಿನ ಮೊಕದ್ದಮೆಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ, ಅಲ್ಲಿನ ದರಿ ಭಾಷೆಯ ಮಾತು ‘ಫರಾರ್ ಅಜ್ ಮಂಜಿಲ್’, ಅಂದರೆ ಮನೆಯಿಂದ ಪರಾರಿ.

ಪದಗಳೇನೋ ಹೊಸವಲ್ಲ. ‘ಪರಾರಿ’ ನಮ್ಮ ಪೊಲೀಸರ ಬಾಯಲ್ಲಿ ದಿನವೂ ಇದೆ. ‘ಮಜಲು’ ಕೂಡ ಮಂಜಿಲ್‌ನ ನಂಟೇ (ಕರಾವಳಿಯವರ ಗದ್ದೆಯ ಮಜಲು ಬೇರೆ, ಜಗಳ ಬೇಡ). ತೊಡಕಿರುವುದು ಧ್ವನಿಯಲ್ಲಿ. ‘ಅವಳು ಓಡಿಹೋದಳು’ ಅಂದರೆ ಸಾಕು, ‘ಯಾರ ಜೊತೆ?’ ಅಂತ ಕೇಳುತ್ತೇವೆ. ‘ಗೃಹಿಣಿ ಪರಾರಿ’ ಎಂಬ ತಲೆಬರಹಕ್ಕೆ ಪ್ರಿಯಕರನನ್ನು ಓದುಗರೇ ಸೇರಿಸಿಕೊಳ್ಳುತ್ತಾರೆ. ಗಂಡಸು ಓಡಿಹೋದರೆ ಮಾತ್ರ ಸಾಲಕ್ಕೋ ಕೇಸಿಗೋ ಹೆದರಿದ ಅಂತೀವಿ.

ಅಲ್ಲಿನ ನ್ಯಾಯಾಧೀಶರು ಮಾಡಿದ್ದೂ ಇದನ್ನೇ. 1976ರ ದಂಡಸಂಹಿತೆಯಲ್ಲಿ ಮನೆ ಬಿಡುವುದು ಅಪರಾಧವೆಂದು ಎಲ್ಲೂ ಇರಲಿಲ್ಲ. ಕಾನೂನಿನಲ್ಲಿ ಹೇಳದ್ದು ಅಪರಾಧವಲ್ಲ ಎಂದು 2004ರ ಸಂವಿಧಾನದ 27ನೇ ವಿಧಿ ಹೇಳುತ್ತಿತ್ತು. ಆದರೆ ಕಾನೂನು ಸುಮ್ಮನಿದ್ದ ಕಡೆ ಇಸ್ಲಾಮಿನ ಹನಫಿ ಪಂಥದ ಧರ್ಮಶಾಸ್ತ್ರ ನೋಡಿ ಎನ್ನುವ 130ನೇ ವಿಧಿಯೂ ಇತ್ತಲ್ಲ, ಅದನ್ನೇ ಹಿಡಿದರು. ನೆಂಟರ ಮನೆಗೋ ಪೊಲೀಸರ ಬಳಿಗೋ ಹೋಗದೆ ಪರರ ಮನೆ ಸೇರಿದವಳು ‘ಜಿನಾ’ದ (ಮದುವೆಯಾಚೆಗಿನ ಕೂಟದ) ದಾರಿ ಹಿಡಿದಂತೆ ಎಂಬುದು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಯ ತಿರುಳು. ಹ್ಯೂಮನ್ ರೈಟ್ಸ್ ವಾಚ್‌ನ 2012ರ ವರದಿಯ ಪ್ರಕಾರ ಇಂಥ ‘ನೈತಿಕ ಅಪರಾಧ’ಗಳಿಗಾಗಿ ಸೆರೆಯಲ್ಲಿದ್ದವರು ಸುಮಾರು 400. ಬಹಳಷ್ಟು ಮಂದಿ ಬಲವಂತದ ಮದುವೆಗೋ ಹೊಡೆತಕ್ಕೋ ಬೇಸತ್ತು ಹೊರಬಿದ್ದವರು. ಆ ಎರಡನ್ನೂ 2009ರ ಮಹಿಳಾ ದೌರ್ಜನ್ಯ ನಿರ್ಮೂಲನ ಕಾನೂನು ಅಪರಾಧ ಎಂದಿತ್ತು. ಹೊಡೆದ ಗಂಡ ಮಾತ್ರ ಮನೆಯಲ್ಲೇ ಇದ್ದ. 2021ರ ನಂತರ ತಾಲಿಬಾನ್ ಆಡಳಿತದಲ್ಲಿ ಆ ಕಾನೂನೂ ಇಲ್ಲ, ಮಹಿಳಾ ನ್ಯಾಯಾಧೀಶರೂ ಇಲ್ಲ, ಆಶ್ರಯಧಾಮಗಳೂ ಮುಚ್ಚಿವೆ. ಆಸರೆಗೆ ಗಂಡುದಿಕ್ಕಿಲ್ಲದ ಕೆಲವರನ್ನು ‘ರಕ್ಷಣೆ’ಗೆಂದು ಜೈಲಿಗೇ ಕಳಿಸುತ್ತಿದ್ದಾರೆ ಎಂದು ವಿಶ್ವಸಂಸ್ಥೆ 2023ರಲ್ಲಿ ಹೇಳಿತ್ತು.

ಈಗ ಪದದ ವಿಚಾರ. ‘ಮನೆ ತೊರೆದಳು’ ಅಂದರೆ ವೈರಾಗ್ಯದ ವಾಸನೆ. ‘ನಾಪತ್ತೆ’ ಹುಡುಕುವವರ ಮಾತು, ಅವಳಿಗೆ ತಾನೆಲ್ಲಿದ್ದೇನೆಂದು ಗೊತ್ತು. ‘ಮುನಿಸಿಕೊಂಡು ತವರಿಗೆ ಹೋದಳು’ ಅನ್ನಲು ತವರೇ ಇಲ್ಲ. ಎಷ್ಟೋ ಪ್ರಕರಣಗಳಲ್ಲಿ ದೂರು ಕೊಟ್ಟವನು ಅಪ್ಪನೇ. ನನಗೆ ಒಪ್ಪಿಗೆಯಾಗಿರುವುದು ‘ತಪ್ಪಿಸಿಕೊಂಡಳು’. ಆಗ ‘ಯಾರ ಜೊತೆ’ ಹೋಗಿ ‘ಯಾತರಿಂದ’ ಎಂಬ ಪ್ರಶ್ನೆ ಬರುತ್ತದೆ. ಆದರೆ ಆರೋಪಪಟ್ಟಿಯಲ್ಲಿ ‘ಮನೆಯಿಂದ ತಪ್ಪಿಸಿಕೊಂಡ ಅಪರಾಧ’ ಅಂತ ಯಾವ ಸರ್ಕಾರಿ ವಕೀಲ ಬರೆದಾನು? ಹಾಗೆ ಬರೆದರೆ ಮನೆ ಸೆರೆಮನೆ ಅಂತ ಅವನೇ ಒಪ್ಪಿಕೊಂಡಂತೆ. ಹಾಗಾಗಿ ಕೋರ್ಟಿನ ಬಾಯಲ್ಲಿ ‘ಪರಾರಿ’, ಅವಳ ಬಾಯಲ್ಲಿ ‘ತಪ್ಪಿಸಿಕೊಂಡು ಬಂದೆ’ ಅಂತ ಎರಡನ್ನೂ ಇಟ್ಟುಕೊಂಡಿದ್ದೇನೆ. ಓದುವಾಗ ಇದು ಗೊಂದಲ ಅನ್ನಿಸುತ್ತದೆಯೆ?

‘ಜಿನಾ’ವನ್ನು ಹಾಗೇ ಬಿಟ್ಟಿದ್ದೇನೆ. ನಮ್ಮ ಕಾನೂನಿನ ‘ವ್ಯಭಿಚಾರ’ 2018ರಲ್ಲಿ ರದ್ದಾಗುವ ತನಕ ಪರರ ಹೆಂಡತಿಯನ್ನು ಕೂಡಿದ ಗಂಡಸಿನ ಮೇಲಷ್ಟೇ ಬೀಳುತ್ತಿತ್ತು. ಜಿನಾ ಮದುವೆಯಾಗದವರನ್ನೂ ಹೆಂಗಸನ್ನೂ ಬಿಡುವುದಿಲ್ಲ. ‘ಅನೈತಿಕ ಸಂಬಂಧ’ವಂತೂ ಬೇಡವೇ ಬೇಡ.

ಹೊಡೆತ ತಾಳಲಾರದೆ ಬಂದುಬಿಟ್ಟ ಸೊಸೆಗೆ ನಿಮ್ಮ ಕಡೆ, ಅದರಲ್ಲೂ ಕಲಬುರಗಿ, ಬೀದರ್ ಕಡೆ, ಹೆಂಗಸರು ತಮ್ಮತಮ್ಮಲ್ಲೇ ಆಡುವ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.