ಹಳೇ ಕೋಲ್ಮನ್ ಸ್ಟೌಗೆ ತುಕ್ಕು ಹಿಡಿದಿದೆ, ವಿನಿಗರ್‌ನಲ್ಲಿ ನೆನೆಸಲಾ?

ತುಕ್ಕುಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಶಿಗನ್‌ನಲ್ಲಿ. ಹೋದ ಶನಿವಾರ ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಹಳೇ ಕೋಲ್ಮನ್ ಕ್ಯಾಂಪ್ ಸ್ಟೌ ಸಿಕ್ಕಿತು. ಮಾಡೆಲ್ 413ಜಿ, ಎರಡು ಬರ್ನರ್, ಸೂಟ್‌ಕೇಸ್ ಥರ ಮಡಚುವ ಹಸಿರು ಪೆಟ್ಟಿಗೆ, ಮುಂದೆ ಕೆಂಪು ಟ್ಯಾಂಕ್. ಹತ್ತು ಡಾಲರ್. ಮನೆಗೆ ತಂದರೆ ನನ್ನ ಹೆಂಡತಿ "ಇದನ್ನ ತಗೊಂಡು ಹೋಗೋಕೆ ಅವರೇ ನಿಮಗೆ ದುಡ್ಡು ಕೊಡಬೇಕಿತ್ತು" ಅಂದಳು.

ಪಾತ್ರೆ ಇಡುವ ಜಾಲರಿ ಪೂರ್ತಿ ಕೆಂಪಗಾಗಿದೆ. ಪೆಟ್ಟಿಗೆಯ ತಳದಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಮುಟ್ಟಿದರೆ ಉದುರುತ್ತದೆ. ಟ್ಯಾಂಕ್ ಹೊರಗಿಂದ ಚೆನ್ನಾಗಿದೆ, ಆದರೆ ಒಳಗಿದ್ದ ಹಳೇ ಇಂಧನ ಸುರಿದಾಗ ಜೊತೆಗೆ ಕಂದು ಪುಡಿ ಬಂತು. ಎಲ್ಲಾ ಬಿಚ್ಚಿ ಒಂದು ರಾತ್ರಿ ವಿನಿಗರ್‌ನಲ್ಲಿ ಮುಳುಗಿಸಿ, ಬೆಳಿಗ್ಗೆ ಕಪ್ಪು ಸ್ಪ್ರೇ ಪೇಂಟ್ ಹೊಡೆದರೆ ಸಾಕಾ?

ಗ್ಯಾರೇಜ್ ಭಟ್ಟ:
ಸಾಕಾಗಲ್ಲ ಸರ್, ಮೊದಲು ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕುವ ಯೋಚನೆ ಬಿಡಿ. ಜನರೇಟರ್ (ಇಂಧನವನ್ನು ಕಾಯಿಸಿ ಆವಿ ಮಾಡುವ ಕೊಳವೆ), ವಾಲ್ವ್ ಇವೆಲ್ಲ ಹಿತ್ತಾಳೆ. ಹಿತ್ತಾಳೆಯನ್ನು ಹುಳಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಅದರಲ್ಲಿರುವ ಸತು ಕರಗಿ ಮೇಲೆ ತಾಮ್ರದ ಗುಲಾಬಿ ಬಣ್ಣ ಉಳಿಯುತ್ತದೆ, ಲೋಹವೂ ಸೊರಗುತ್ತದೆ. ಹಿತ್ತಾಳೆಯ ದೇವರ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿ ತಕ್ಷಣ ತೊಳೆಯುತ್ತೇವೆ, ರಾತ್ರಿಯೆಲ್ಲಾ ನೆನೆಹಾಕುತ್ತೇವಾ? ಹಾಗೇ ಇದು.

ಜಾಲರಿಗೆ ವಿನಿಗರ್‌ಗಿಂತ ಸಿಟ್ರಿಕ್ ಆಸಿಡ್ ಮೇಲು, ವಾಸನೆಯಿಲ್ಲ, ಅಗ್ಗ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ. ಮೊದಲು ಪಾತ್ರೆ ಸೋಪಿನಲ್ಲಿ ಜಿಡ್ಡು ತೆಗೆಯಿರಿ, ಜಿಡ್ಡಿದ್ದ ಕಡೆ ಆಸಿಡ್ ಕೆಲಸ ಮಾಡಲ್ಲ. ಎರಡು ಗಂಟೆಗೊಮ್ಮೆ ತೆಗೆದು ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ತುಕ್ಕು ಹೋದ ಮೇಲೂ ಬಿಟ್ಟರೆ ಒಳ್ಳೇ ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಕೂಡಲೇ ಓವನ್‌ನಲ್ಲಿ 100 ಡಿಗ್ರಿಯಲ್ಲಿ ಒಣಗಿಸಿ. ಸುಮ್ನೆ ಗಾಳಿಗೆ ಇಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಗಾಗಿರುತ್ತದೆ, ನನಗೆ ಎರಡು ಸಲ ಹೀಗೇ ಆಗಿದೆ.

ಪೆಟ್ಟಿಗೆಯನ್ನು ನೆನೆಹಾಕಬೇಡಿ, ಒಳ್ಳೆಯ ಹಸಿರು ಬಣ್ಣವೂ ಹಾಳಾಗುತ್ತದೆ. ತುಕ್ಕಿದ್ದ ಕಡೆ ಮಾತ್ರ ಉಪ್ಪುಕಾಗದ, ಅದೂ ನೀರು ಹಾಕಿಕೊಂಡು, ಮಾಸ್ಕ್ ಹಾಕಿಕೊಂಡು. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಹುಷಾರು. ಆಮೇಲೆ ಎಂಜಿನ್ ಎನಾಮೆಲ್ ಹೊಡೆಯಿರಿ, 260 ಡಿಗ್ರಿ ತನಕ ತಡೆಯುತ್ತದೆ, ಪೆಟ್ಟಿಗೆಗೆ ಅಷ್ಟು ಸಾಕು.

ಸಾಗರದ ಮಳೆ:
ಜಾಲರಿಗೆ ಪೇಂಟ್ ಯಾಕೆ? ದೋಸೆ ಕಾವಲಿ ಪಳಗಿಸುವ ಹಾಗೆ ಎಣ್ಣೆ ಹಚ್ಚಿ ಕಾಯಿಸಿ. ನಮ್ಮ ಮನೆಯ ಪಂಪ್ ಸ್ಟೌಗೆ ಟ್ಯಾಂಕ್ ಹಿತ್ತಾಳೆ, ಕಾಲು ಮತ್ತು ಮೇಲಿನ ಬಳೆ ಕಬ್ಬಿಣ. ಆಷಾಢದಲ್ಲಿ ಆ ಬಳೆ ಒಂದು ವಾರ ಸುಮ್ಮನೆ ಕೂತರೆ ಸಾಕು, ಕುಂಕುಮ ಹಚ್ಚಿದ ಹಾಗೆ ಆಗಿರುತ್ತಿತ್ತು. ಅಜ್ಜಿ ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಆ ಸ್ಟೌ ಈಗಲೂ ಉರಿಯುತ್ತದೆ.

ಗ್ಯಾರೇಜ್ ಭಟ್ಟ:
ಅಕ್ಕ, ಅಜ್ಜಿ ಮಾಡಿದ್ದು ಸರಿ, ಆದರೆ ಅವರು ಎಣ್ಣೆ ಪದೇ ಪದೇ ಹಚ್ಚುತ್ತಿದ್ದರು ಅಲ್ವಾ, ಗುಟ್ಟು ಅಲ್ಲಿದೆ. ಕಾವಲಿಯ ಮೇಲೆ ದೋಸೆ ಹಿಟ್ಟು ಬೀಳುತ್ತದೆ, ಜಾಲರಿಗೆ ನೇರ ಬೆಂಕಿ. ಜ್ವಾಲೆ ತಾಗುವ ಕಡೆ ಆ ಪದರ ಒಂದೆರಡು ಅಡುಗೆಗೆ ಸುಟ್ಟು ಬೂದಿಯಾಗುತ್ತದೆ. 650 ಡಿಗ್ರಿಯ ಸಿಲಿಕೋನ್ ಪೇಂಟ್ ಕೂಡ ಅಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಏಳುತ್ತದೆ. ಹಾಗಾಗಿ ಜಾಲರಿಗೆ ನನ್ನ ವೋಟೂ ಎಣ್ಣೆಗೇ, ಆದರೆ ಪ್ರತಿ ಸಲ ತಣ್ಣಗಾದ ಮೇಲೆ ತೆಳುವಾಗಿ.

ನಟ್ಟುಬೋಲ್ಟು:
ಎಲ್ಲರೂ ಜಾಲರಿ ಹಿಡಿದು ಕೂತಿದ್ದೀರಿ. ಅದು ತುಕ್ಕು ಹಿಡಿದರೆ ನೋಡಲು ಕೆಟ್ಟದಾಗಿ ಕಾಣುತ್ತದೆ, ಅಷ್ಟೇ. ಕಂದು ಪುಡಿ ಬಂತು ಅಂದರಲ್ಲ, ನನಗೆ ಭಯ ಅದರದ್ದು. ಆ ಟ್ಯಾಂಕ್ ಉಕ್ಕಿನದು. ಅರ್ಧ ತುಂಬಿದ ಟ್ಯಾಂಕನ್ನು ವರ್ಷಗಟ್ಟಲೆ ಇಟ್ಟರೆ ಒಳಗಿನ ಗಾಳಿಯ ತೇವ ನೀರಾಗಿ ಇಳಿಯುತ್ತದೆ, ನೀರು ಇಂಧನಕ್ಕಿಂತ ಭಾರ, ತಳದಲ್ಲಿ ಕೂತು ಅಲ್ಲೇ ತಿನ್ನುತ್ತದೆ. ಮೇಲಿಂದ ನೋಡಿದರೆ ಫಳಫಳ, ತಳ ಮಾತ್ರ ಹಪ್ಪಳ.

ಇಂಧನ ಪೂರ್ತಿ ಖಾಲಿಮಾಡಿ ಬಯಲಿನಲ್ಲಿ ಎರಡು ದಿನ ಬಾಯಿ ತೆಗೆದಿಡಿ. ಆಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ, ಕಡ್ಡಿ ಗೀರಿ ಅಲ್ಲ! ಪಂಪ್, ವಾಲ್ವ್ ಬಿಚ್ಚಿಟ್ಟು ಅದೇ ಸಿಟ್ರಿಕ್ ನೀರು ತುಂಬಿ, ಒಂದು ಹಿಡಿ ಸ್ಕ್ರೂ ಹಾಕಿ ಅಲ್ಲಾಡಿಸಿ. ಸ್ಕ್ರೂ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಸೋಡಾ ನೀರು, ಬರೀ ನೀರು, ಕೊನೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಅಲ್ಲಾಡಿಸಿ ಸುರಿದರೆ ಉಳಿದ ತೇವವೂ ಹೋಗುತ್ತದೆ. ಟ್ಯಾಂಕನ್ನು ಓವನ್‌ಗೆ ಇಡಬೇಡಿ. ಬೈಕ್ ಟ್ಯಾಂಕಿಗೆ ಹಾಕುವ ಸೀಲರ್ ಕೂಡ ಬೇಡ ಅನ್ನುತ್ತೇನೆ, ಅದು ಎದ್ದು ಬಂದರೆ ಆ ಚೂರು ಹೋಗಿ ಜನರೇಟರ್ ಕಟ್ಟಿಕೊಳ್ಳುತ್ತದೆ.

ಕೊನೆಗೆ ಎಲ್ಲಾ ಜೋಡಿಸಿ, ಖಾಲಿ ಟ್ಯಾಂಕಿಗೆ ಪಂಪ್ ಹೊಡೆದು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ತಗಡಿನಿಂದ ಒಂದು ಗುಳ್ಳೆ ಬಂದರೂ ಗುಜರಿಗೆ. ಬೆಸುಗೆ, ಎಂ-ಸೀಲ್ ಇಂಥ ರಿಪೇರಿ ಬೇಡ, ಒಳಗಿರುವುದು ಒತ್ತಡದ ನಾಫ್ತಾ, ಪೆಟ್ರೋಲಿನ ಹಾಗೆ ಭಗ್ಗನೆ ಹತ್ತಿಕೊಳ್ಳುವ ಇಂಧನ.

ತುಕ್ಕುಪೆಟ್ಟಿಗೆ:
ಎರಡು ವಾರ ಆಯಿತು, ವರದಿ ಒಪ್ಪಿಸುತ್ತೇನೆ. ಜಾಲರಿ ಆರು ಗಂಟೆಗೆ ಬೆಳ್ಳಗಾಯಿತು, ಈಗ ಎಣ್ಣೆ ಒರೆಸಿಟ್ಟಿದ್ದೇನೆ. ಪೆಟ್ಟಿಗೆಗೆ ಹಸಿರು ಹೊಂದಿಸುವುದಕ್ಕೆ ಮೂರು ಅಂಗಡಿ ಸುತ್ತಿದೆ, ಆದರೂ ಒಂದು ಮೂಲೆ ಬೇರೆ ಥರ ಕಾಣುತ್ತದೆ. ತೊಗಲಿನ ವಾಷರ್ ಒಣಗಿ ಕಡ್ಡಿಯಾಗಿತ್ತು, ಎಣ್ಣೆಯಲ್ಲಿ ನೆನೆಸಿದೆ, ಪಂಪ್ ಮತ್ತೆ ಹಿಡಿಯಿತು.

ಟ್ಯಾಂಕ್ ಮುಳುಗಿಸಿದೆ. ತಳದಲ್ಲಿ, ಸೂಜಿ ಮೊನೆಯಷ್ಟು ಜಾಗದಿಂದ, ಸಾಲಾಗಿ ಗುಳ್ಳೆ. ಅಡುಗೆಮನೆಯ ಸಿಂಕ್‌ನಲ್ಲೇ ಮಾಡಿದ್ದರಿಂದ ಹೆಂಡತಿಯೂ ನೋಡಿದಳು, ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು. ಯಾರ ಹತ್ತಿರವಾದರೂ 413ಜಿ ಟ್ಯಾಂಕ್ ಒಂದೇ ಇದ್ದರೆ ಹೇಳಿ. ಮೊದಲು ಮುಳುಗಿಸಿ ನೋಡಿ, ಆಮೇಲೆ ಹೇಳಿ.