ಹುಲಿ ಬಾಯಲ್ಲಿರೋದು ಯಾವ ಮನ್ರೋ?

(ನಮ್ಮ "ಅಜ್ಜಿ ಮನೆ" ಗುಂಪು, ಭಾನುವಾರ. ನನ್ನ ಫೋನಿನಲ್ಲಿ ಹೆಸರುಗಳು ಹೇಗಿವೆಯೋ ಹಾಗೇ ಹಾಕಿದ್ದೇನೆ.)

ಪುಟ್ಟಿ ನ್ಯೂಜೆರ್ಸಿ: 📷 ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಗಿದ್ವಿ. ನೋಡಿ, ನಮ್ಮ ಹುಲಿ ಇಲ್ಲೂ ಇದೆ! ಇಂಗ್ಲೆಂಡಿನ ಪಿಂಗಾಣಿ ಗೊಂಬೆ.

ದೊಡ್ಡಪ್ಪ: ಇದು ಶ್ರೀರಂಗಪಟ್ಟಣದಿಂದ ಲೂಟಿ ಹೊಡೆದ ಟಿಪ್ಪು ಹುಲಿ. ವಾಪಸ್ ಕೊಡಲೇಬೇಕು. ಎಲ್ಲರಿಗೂ ಕಳಿಸಿ 🙏

ನಾನು: ದೊಡ್ಡಪ್ಪ, ಅದೇ ಬೇರೆ, ಇದೇ ಬೇರೆ. 1799ರಲ್ಲಿ ಕೋಟೆ ಬಿದ್ದಾಗ ತಗೊಂಡು ಹೋಗಿದ್ದು ಮರದ ಹುಲಿ. ಅದು ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಉದ್ದ ಹತ್ತಿರ ಹತ್ತಿರ ಆರು ಅಡಿ, ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತೆ, ಅದರ ಕೆಳಗೆ ಬಿದ್ದಿರೋ ಯುರೋಪಿಯನ್ ಗೊಂಬೆ ಕೈ ಎತ್ತಿ ನರಳುತ್ತೆ. ಪುಟ್ಟಿ ಕಳಿಸಿರೋದು ಸ್ಟಾಫರ್ಡ್‌ಶೈರ್‌ನಲ್ಲಿ 1820-30ರ ಸುಮಾರಿಗೆ ಮಾಡಿದ್ದು. ಪುಟ್ಟಿ, ಪಿಂಗಾಣಿನೂ ಅಲ್ಲ ಇದು. ಸುಟ್ಟ ಮಣ್ಣು, ಮೇಲೆ ಗಾಜಿನಂಥ ಲೇಪ, ಅದರ ಮೇಲೆ ಬಣ್ಣ. ಅಲ್ಲಿನ ಸಾಮಾನ್ಯ ಜನ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಇಂಥ ಗೊಂಬೆಗಳನ್ನ ಇಡುತ್ತಿದ್ದರು.

ಪುಟ್ಟಿ ನ್ಯೂಜೆರ್ಸಿ: ಹೌದೌದು, ಜೂಮ್ ಮಾಡಿದೆ. ಮುಂದೆ "ದಿ ಡೆತ್ ಆಫ್ ಮನ್ರೋ" ಅಂತ ಬರೆದಿದೆ, ಕೊನೆಗೆ ಒಂದು ಡಬ್ಲ್ಯೂ ಜಾಸ್ತಿ ಇದೆ 😂 ಇಡೀ ತಲೆ ಹುಲಿ ಬಾಯಲ್ಲಿದೆ, ಆದರೂ ಆಸಾಮಿ ಬಸ್ಸಲ್ಲಿ ನಿದ್ದೆ ಹೋದವನ ಥರ ಇದಾನೆ.

ಮಂಡ್ಯ ಚಿಕ್ಕಮ್ಮ: ಮನ್ರೋ ಅಂದ್ರೆ ನಮ್ಮ ಮಂತ್ರಾಲಯದ ಮನ್ರೋನಾ? ರಾಯರು ಬೃಂದಾವನದಿಂದ ಮಾತಾಡಿಸಿದ್ರಲ್ಲ? ಅವರನ್ನ ಹುಲಿ ತಿಂತಾ?? ರಾಮ ರಾಮ!

ನಾನು: ಇಲ್ಲ ಚಿಕ್ಕಮ್ಮ! ಅವರು ಥಾಮಸ್ ಮನ್ರೋ, ಮದ್ರಾಸ್ ಗವರ್ನರ್ ಆಗಿದ್ದವರು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಹೋದರು. ಇವನು ಹ್ಯೂ ಮನ್ರೋ ಅಂತ ಹುಡುಗ. 1792ರ ಡಿಸೆಂಬರ್‌ನಲ್ಲಿ ಬಂಗಾಳದ ಗಂಗಾಸಾಗರ ದ್ವೀಪಕ್ಕೆ ಜಿಂಕೆ ಬೇಟೆಗೆ ಹೋಗಿದ್ದಾಗ ಹುಲಿ ಎತ್ತಿಕೊಂಡು ಹೋಯಿತು.

ದೊಡ್ಡಪ್ಪ: ಹ್ಯೂ ಯಾರ ಮಗ ಅಂತ ಹೇಳಲಿಲ್ಲ ನೀನು. ಇಂಗ್ಲಿಷರ ಸೇನಾಪತಿ ಹೆಕ್ಟರ್ ಮನ್ರೋ ಮಗ! 1780ರಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಸೈನ್ಯ ಹೈದರ್-ಟಿಪ್ಪು ಕೈಗೆ ಸಿಕ್ಕಿ ನುಚ್ಚುನೂರಾದಾಗ ಈ ಹೆಕ್ಟರ್ ಅಲ್ಲೇ ಹತ್ತಿರ ಕಾಂಚೀಪುರದಲ್ಲಿದ್ದ. ಸಹಾಯಕ್ಕೆ ಹೋಗಲಿಲ್ಲ. ದೊಡ್ಡ ಫಿರಂಗಿಗಳನ್ನ ಕೆರೆಗೆ ತಳ್ಳಿ ಮದ್ರಾಸಿಗೆ ಓಡಿದ. ದರಿಯಾ ದೌಲತ್ ಗೋಡೆ ಮೇಲೆ ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನಲ್ಲ, ಅದೇ ಯುದ್ಧ. ಓಡಿಹೋದವನ ಮಗನನ್ನ ಹುಲಿ ತಿಂತು ಅಂತ ಕೇಳಿ ಟಿಪ್ಪು ಖುಷಿಯಿಂದ ಆ ಮರದ ಹುಲಿ ಮಾಡಿಸಿದ. ಇದು ಎಲ್ಲರಿಗೂ ಗೊತ್ತಿರೋ ವಿಷಯ.

ಸೋದರತ್ತೆ: ಟಿಪ್ಪು ವಿಷಯ ಶುರು ಮಾಡಬೇಡಿ ದಯವಿಟ್ಟು. ಹೋದ ನವೆಂಬರ್‌ನಲ್ಲೇ ಇಬ್ಬರು ಗುಂಪು ಬಿಟ್ಟಿದ್ದಾರೆ.

ನಾನು: ಹೆಕ್ಟರ್ ವಿಷಯ ಸರಿ ದೊಡ್ಡಪ್ಪ, ಒಪ್ಪಿದೆ. ಆದರೆ ಮಗನ ಸಾವು ಕೇಳಿ ಮಾಡಿಸಿದ ಅನ್ನೋದು ಕೂರಲ್ಲ. ಟಿಪ್ಪುವಿಗಾಗಿ 1787-88ರಲ್ಲಿ ಮಾಡಿದ ಒಂದು ಕೋವಿಯ ಬೆಳ್ಳಿ ಪಟ್ಟಿಯಲ್ಲಿ ಇದೇ ಚಿತ್ರ ಇದೆ, ಹುಲಿ ಸಿಪಾಯಿಯ ಮೇಲೆ ಬಿದ್ದಿರೋದು. ಹುಡುಗ ಸತ್ತಿದ್ದು ನಾಲ್ಕೈದು ವರ್ಷ ಆದಮೇಲೆ. ಸಿಂಹಾಸನ, ಕತ್ತಿ, ಸಿಪಾಯಿಗಳ ಅಂಗಿ, ಎಲ್ಲದರ ಮೇಲೂ ಹುಲಿ ಹಾಕಿಸಿಕೊಂಡವನಿಗೆ ಬಂಗಾಳದ ಸುದ್ದಿ ಬಂದೇ ಐಡಿಯಾ ಬರಬೇಕಿತ್ತಾ?

ದೊಡ್ಡಪ್ಪ: ಹಾಗಾದ್ರೆ ಇಂಗ್ಲಿಷ್ ಕುಂಬಾರ ತನ್ನವರೇ ಸತ್ತಿದ್ದನ್ನ ಗೊಂಬೆ ಯಾಕೆ ಮಾಡಿದ? ನಮ್ಮ ಹುಲಿ ನೋಡಿಯೇ ಮಾಡಿರೋದು.

ನಾನು: ಅದು ಇರಬಹುದು, ಬೇಡ ಅನ್ನಲ್ಲ. ಮರದ ಹುಲಿಯನ್ನ 1808ರಿಂದಲೇ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ, ಅಂದ್ರೆ ಕಂಪನಿಯ ಕಚೇರಿಯಲ್ಲಿ, ಜನರಿಗೆ ತೋರಿಸುತ್ತಿದ್ದರು, ಹೋದವರೆಲ್ಲ ಹಿಡಿ ತಿರುಗಿಸಿ ಕೂಗಿಸುತ್ತಿದ್ದರಂತೆ. ಅಂದ್ರೆ ಹುಡುಗನ ಕಥೆ, ಈ ಹುಲಿ, ಎರಡೂ ಅಲ್ಲಿನವರ ತಲೆಯಲ್ಲಿ ಒಂದಾಗಿಬಿಟ್ಟಿರಬಹುದು. ಈಗ ನಿಮ್ಮ ತಲೆಯಲ್ಲಿ ಆಗಿರೋ ಹಾಗೆ 😀

ದೊಡ್ಡಪ್ಪ: ನೆಟ್ಟಗೆ ಮಾತಾಡು.

ನಾನು: ಸಾರಿ ದೊಡ್ಡಪ್ಪ.

ಸೋದರತ್ತೆ: ಅಲ್ಲ, ದಿನಾ ಬೆಳಗ್ಗೆ ಎದ್ದು ತಲೆ ಕಚ್ಚಿದ ಹುಲಿ ಮುಖ ನೋಡ್ತಿದ್ರಾ ಅವರು? ನಾವು ದಸರಾಕ್ಕೆ ಗೊಂಬೆ ಕೂರಿಸೋವಾಗ ಕೈ ಮುರಿದ ಶೆಟ್ಟಿ ಗೊಂಬೆಯನ್ನೇ ಹಿಂದೆ ತಳ್ಳುತ್ತೀವಿ.

ಪುಟ್ಟಿ ನ್ಯೂಜೆರ್ಸಿ: ಅತ್ತೆ, ನನಗೆ ಕೊಟ್ಟರೆ ಮೇಲಿನ ಮೆಟ್ಟಿಲಲ್ಲೇ ಇಡ್ತೀನಿ. ರಾಜ-ರಾಣಿ ಪಕ್ಕ.

ದೊಡ್ಡಪ್ಪ: ಸರಿ, ಗೊಂಬೆ ಇಂಗ್ಲೆಂಡಿನದೇ ಇರಲಿ. ಮರದ ಹುಲಿ ಮಾತ್ರ ವಾಪಸ್ ಬರಲೇಬೇಕು.

ನಾನು: ಅದಕ್ಕೆ ನಾನೂ ಕೈ ಎತ್ತುತ್ತೇನೆ.

ಮಂಡ್ಯ ಚಿಕ್ಕಮ್ಮ: ಎಲ್ಲಾ ಸರಿ ಕಣ್ರಪ್ಪ, ನಾನು ಆಗಲೇ ಈ ಫೋಟೊನ ಭಜನಾ ಮಂಡಳಿ ಗುಂಪಿಗೆ ಹಾಕಿಬಿಟ್ಟಿದ್ದೀನಿ, ರಾಯರ ದರ್ಶನ ಆದ ಮನ್ರೋ ಸಾಹೇಬರ ಕೊನೇ ಘಳಿಗೆ ಅಂತ. ನಲವತ್ತು ಜನ ಕೈ ಮುಗಿದಿದ್ದಾರೆ. ಅದನ್ನ ಅಳಿಸೋದು ಹೇಗೆ, ಯಾರಾದ್ರೂ ಬೇಗ ಹೇಳಿ.