ಕಾಂಟೆಸ್ಸಾನಾ ಪದ್ಮಿನಿನಾ, ಯಾವ್ದನ್ನ ರೆಡಿ ಮಾಡ್ಸೋದು?

ಹಳೇಗಾಡಿ_ಹುಚ್ಚ: ಗುರು, ಯಲಹಂಕ ಹತ್ರ ಹಿಂದೂಸ್ತಾನ್ ಮೋಟಾರ್ಸ್‌ದು ಒಂದು ಹಳೇ ಕಾಂಟೆಸ್ಸಾ ಕಾರು ಸಿಕ್ಕಿದೆ, 1.8 ಲೀಟರ್ ಇಸುಜು ಪೆಟ್ರೋಲ್ ಇಂಜಿನ್ನು, ಐದು ಗೇರು, ಆರ್‌ಸಿ ಇದೆ ಆದ್ರೆ ನಾಲ್ಕು ವರ್ಷದಿಂದ ಹುಣಸೆ ಮರದ ಕೆಳಗೆ ನಿಂತಿದೆ. ಈ ಕಡೆ ಮಾವನ ಹಳೇ ಪ್ರೀಮಿಯರ್ ಪದ್ಮಿನಿ ಕಾರು, ಈಗ್ಲೂ ಓಡತ್ತೆ. ದುಡ್ಡು ಒಂದಕ್ಕೇ ಇರೋದು, ಯಾವ್ದಕ್ಕೆ ಹಾಕ್ಲಿ?

ಜೆಸಿರೋಡ್_ಸುತ್ತೋನು: ಇಂಜಿನ್ ಬಿಡಿ ಸಾರ್, ಅದು ಹೆಂಗೋ ಆಗತ್ತೆ. ಮ್ಯಾಟ್ ಎತ್ತಿ ಫ್ಲೋರ್‌ಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಒಳಗೆ ಹೋಯ್ತಾ, ಕೈಮುಗಿದು ವಾಪಸ್ ಬನ್ನಿ. ನಾನು ಹೊಸ ಪೇಂಟ್ ನೋಡಿ ಮರುಳಾಗಿ ತಗೊಂಡೆ, ಟಿಂಕರಿಂಗ್‌ನೋನು ಕೆರೆದಾಗ ಬಾಗಿಲ ಕೆಳಗೆಲ್ಲಾ ಬರೀ ಪುಟ್ಟಿ, ತಗಡೇ ಇರ್ಲಿಲ್ಲ. ಆಮೇಲೆ ಬೀಡಿಂಗು, ಟೈಲ್‌ಲ್ಯಾಂಪಿಗೆ ಬೆಂಗಳೂರಿನ ಸ್ಪೇರ್‌ಪಾರ್ಟ್ಸ್ ಅಂಗಡಿಗಳ ಜೆಸಿ ರೋಡೆಲ್ಲಾ ಅಲೆದು ಅಲೆದು ಚಪ್ಪಲಿ ಸವೀತು.

ವಿ8_ಕನಸು: ಕಾಂಟೆಸ್ಸಾನ ನಮ್ ದೇಶದ ಮಸಲ್ ಕಾರ್ (ದೊಡ್ಡ ಇಂಜಿನ್ನಿನ ಜೋರು ಕಾರು) ಅಂತಾರೆ ಅಷ್ಟೇ, ಅಮೆರಿಕದ ಮಸ್ಟಾಂಗ್ ತರ ಎಂಟು ಸಿಲಿಂಡರಿನ ವಿ8 ಇಂಜಿನ್ ಎಲ್ಲಿಂದ ಬರ್ಬೇಕು, 1984ರಲ್ಲಿ ಬಂದಾಗ ಅಂಬಾಸಿಡರ್‌ದೇ 1.5 ಲೀಟರ್ ಇಂಜಿನ್ನು, ಮೈಕಟ್ಟು ಮಾತ್ರ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ ಕಾರಿಂದು. ಇಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗತ್ತಾ ನೋಡಿ, ಇಲ್ದಿದ್ರೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಟೈಮಲ್ಲಿ ತಲೆನೋವು. ನಾನಾಗಿದ್ರೆ ಪದ್ಮಿನಿಗೇ ಹಾಕ್ತಿದ್ದೆ, ಮಾವನೂ ಖುಷಿ.

ಹಳೇಗಾಡಿ_ಹುಚ್ಚ: ಭಾನುವಾರ ಸ್ಕ್ರೂಡ್ರೈವರ್ ಹಿಡ್ಕೊಂಡು ಹೋಗ್ತೀನಿ. ಮಾವಂಗೆ ಇನ್ನೂ ಹೇಳಿಲ್ಲ.